ಗಾಣದ ಬೀದಿಯ ಚಪ್ಪಾಳೆ

ಮೂವತ್ತಮೂರನೇ ವಯಸ್ಸಿಗೇ ನಿವೃತ್ತಳಾದೆ ಎಂದರೆ ಜನ ನಗುತ್ತಾರೆ. ನಗಲಿ. ನಾನು ರಾಜೀನಾಮೆ ಕೊಡಲಿಲ್ಲ, ನನ್ನನ್ನು ಯಾರೂ ತೆಗೆದುಹಾಕಲಿಲ್ಲ, ಬೇರೆ ಕೆಲಸ ಹುಡುಕಿಕೊಂಡು ಹೋಗಲೂ ಇಲ್ಲ. ನಾನು ಮಾಡುತ್ತಿದ್ದ ಕೆಲಸವೇ ಊರಿನಿಂದ ಎದ್ದುಹೋಯಿತು. ಇದಕ್ಕೆ ನಿವೃತ್ತಿ ಎನ್ನದೆ ಬೇರೆ ಏನೆನ್ನಬೇಕು? ಗೊತ್ತಿದ್ದವರು ಹೇಳಲಿ, ವಾದಕ್ಕೆ ಸಿದ್ಧಳಿದ್ದೇನೆ.

ತೊಂಬತ್ತರ ದಶಕದ ಕೊನೆಯಲ್ಲಿ ಅರಸೀಕೆರೆಯ ಮನೆಮನೆಗೂ ಕೇಬಲ್ ವೈರು ಬಂದಿತ್ತು. ಆ ವೈರಿನ ಯಜಮಾನರು ರುದ್ರಣ್ಣ. ಅದಕ್ಕೂ ಮೊದಲು ಅವರು ಮದುವೆಗಳ ವಿಡಿಯೋ ತೆಗೆಯುತ್ತಿದ್ದವರು. ವೈರು ಹೇಗೂ ಇದೆ, ಕ್ಯಾಮೆರಾ ಹೇಗೂ ಇದೆ ಎಂದು ಸಂಜೆ ಅರ್ಧ ಗಂಟೆ ‘ಊರ ಮಾತು’ ಎಂಬ ಕಾರ್ಯಕ್ರಮ ಶುರು ಮಾಡಿದರು. ಚರಂಡಿ, ಬೀದಿದೀಪ, ಹಂದಿಗಳ ಕಾಟ, ಆಟೋದವರ ದರ, ಹೀಗೆ ದಿನನಿತ್ಯದ ಸಂಗತಿಗಳ ಬಗ್ಗೆ ನಿವಾಸಿಗಳ ಮುಂದೆ ಮೈಕು ಹಿಡಿದು ಅಭಿಪ್ರಾಯ ಕೇಳುವುದು ನನ್ನ ಕೆಲಸ. ವಾರಕ್ಕೊಮ್ಮೆ ಬೇಲೂರು, ಹಳೇಬೀಡಿಗೂ ಹೋಗುತ್ತಿದ್ದೆವು. ಆಮೇಲೆ ಮನೆಗಳ ಮೇಲೆ ಬುಟ್ಟಿಯಂಥ ಆಂಟೆನಾಗಳು ಒಂದೊಂದಾಗಿ ಬಂದು ಕೂತವು. ವೈರು ಬೇಡವಾಯಿತು, ‘ಊರ ಮಾತು’ ನಿಂತಿತು.

ನಮ್ಮ ಪಕ್ಕದ ಮನೆಯ ಸೌಮ್ಯ ಈಗ ಹಾಸನದ ಒಂದು ಚಾನೆಲ್ಲಿಗೆ ಸೇರಿದ್ದಾಳೆ. ಮೊನ್ನೆ ಬಂದು, “ಅಕ್ಕ, ಜನರ ಅಭಿಪ್ರಾಯ ಕೇಳೋದು ಹೇಗೆ ಅಂತ ಸ್ವಲ್ಪ ಹೇಳ್ಕೊಡಿ” ಅಂದಳು. ಕೇಳುವುದರಲ್ಲಿ ಏನೂ ಇಲ್ಲ ಮಗು, ಕೇಳಿದ್ದಕ್ಕೆ ಬಂದದ್ದು ಅಭಿಪ್ರಾಯವೋ ಅಲ್ಲವೋ ಎಂದು ತಿಳಿಯುವುದರಲ್ಲೇ ಎಲ್ಲಾ ಇರುವುದು ಅಂದೆ. ಅವಳಿಗೆ ಅರ್ಥವಾಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನನ್ನ ಬಗ್ಗೆ ಎರಡು ಮಾತು. ನಮ್ಮ ಮನೆಯ ಗೂಡಿನಲ್ಲಿ ಇದ್ದದ್ದು ಬುದ್ಧನ ಪಟ ಒಂದೇ. ಅಪ್ಪ ಶಾಲಾ ಮೇಷ್ಟರು. ಯಾರೇ ಏನೇ ಹೇಳಲಿ, “ಹೌದಾ?” ಎಂದು ಒಮ್ಮೆ ಕೇಳಿಯೇ ಮುಂದೆ ಹೋಗು ಎನ್ನುವವರು. ಅದರ ಮೇಲೆ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಹುಚ್ಚು ಹಿಡಿಯಿತು. ಅಲ್ಲಿ ಪರ ಮಾತಾಡಬೇಕೋ ವಿರೋಧ ಮಾತಾಡಬೇಕೋ ಎಂದು ಚೀಟಿ ಎತ್ತಿ ಹೇಳುತ್ತಿದ್ದರು. ನಮ್ಮ ಸ್ವಂತ ನಂಬಿಕೆಯನ್ನು ಯಾರೂ ಕೇಳುತ್ತಿರಲಿಲ್ಲ. ನಾನು ಮತ್ತು ನನ್ನ ಸಹಪಾಠಿ ಪ್ರಕಾಶ ಜೊತೆಯಾಗಿ ಹೋಗಿ ಎಷ್ಟೋ ಕಡೆ ಫಲಕ ಗೆದ್ದು ತಂದಿದ್ದೇವೆ. ಇಂಥವಳ ಕೈಗೆ ಮೈಕು ಕೊಟ್ಟರೆ ಏನಾಗಬೇಕೋ ಅದೇ ಆಯಿತು. ಮೊದಲ ತಿಂಗಳು ನಾನು ಯಾರ ಅಭಿಪ್ರಾಯವನ್ನೂ ಕೇಳಲಿಲ್ಲ, ಎಲ್ಲರೊಡನೆ ವಾದ ಮಾಡಿ ಗೆದ್ದುಬಂದೆ. ರುದ್ರಣ್ಣ ಒಂದು ದಿನ ಕ್ಯಾಮೆರಾ ಇಳಿಸಿ, “ಶೈಲಾ, ಅವರು ಚರಂಡಿ ನಾರ್ತಾ ಇದೆ ಅಂದ್ರು. ನೀನು ಅದಕ್ಕೆ ಆಧಾರ ಏನು ಅಂತ ಕೇಳ್ತೀಯಲ್ಲಮ್ಮ. ಮೂಗು ಕಣಮ್ಮ ಆಧಾರ” ಅಂದರು. ಅವತ್ತಿನಿಂದ ಸ್ವಲ್ಪ ಕಡಿಮೆ ಮಾಡಿದೆ.

ರುದ್ರಣ್ಣ ಒಳ್ಳೆಯ ಯಜಮಾನರು. ಒಂದೇ ದೋಷವೆಂದರೆ ಮದುವೆ ವಿಡಿಯೋದ ಅಭ್ಯಾಸ ಅವರನ್ನು ಬಿಟ್ಟಿರಲಿಲ್ಲ. ಯಾರು ಮಾತಾಡಬೇಕಿದ್ದರೂ ಮುಖ ಒರೆಸಿಕೊಳ್ಳಿ, ನೆಟ್ಟಗೆ ನಿಲ್ಲಿ, ಸ್ವಲ್ಪ ನಗಿ ಎನ್ನುವರು. ತೆಂಗಿನಕಾಯಿ ಬೆಲೆ ಬಿದ್ದ ಬಗ್ಗೆ ಮಾತಾಡಲು ಪಕ್ಕದ ಗಂಡಸಿ ಊರಿನಿಂದ ಬಂದವರೊಬ್ಬರು ನಗುನಗುತ್ತಲೇ ತಮ್ಮ ಕಷ್ಟ ಹೇಳಿಕೊಂಡ ಕ್ಯಾಸೆಟ್ ಈಗಲೂ ನನ್ನ ಕಣ್ಣಿಗೆ ಕಟ್ಟಿದೆ. ಇನ್ನೊಂದು ಅಭ್ಯಾಸವೆಂದರೆ ಹಳೆಯ ಕ್ಯಾಸೆಟ್ಟಿನ ಮೇಲೆಯೇ ಹೊಸದನ್ನು ತೆಗೆಯುವುದು. ಒಂದು ಸಂಜೆ ಹಂದಿಗಳ ಹಾವಳಿಯ ಬಗ್ಗೆ ನಾಗರಿಕರ ಅಭಿಪ್ರಾಯ ಪ್ರಸಾರವಾಗುತ್ತಿತ್ತು. “ಬೆಳಗಾದ್ರೆ ಹಿಂಡು ಹಿಂಡಾಗಿ ಬತ್ತವೆ” ಎಂದು ಒಬ್ಬರು ಹೇಳಿ ಮುಗಿಸಿದ್ದೇ ತಡ, ಓಲಗದ ಸದ್ದಿನೊಂದಿಗೆ ಯಾರದೋ ಮದುವೆಯ ಗಂಡಿನ ಕಡೆಯವರು ಹಿಂಡು ಹಿಂಡಾಗಿ ಚಪ್ಪರದೊಳಗೆ ಬಂದರು. ಮಾರನೆಯ ದಿನ ಆ ಬೀಗರೂ ಹಾಗೇ, ಪ್ರಸಾರ ಮಾಡುತ್ತಿದ್ದ ನಮ್ಮ ಮಹಡಿ ಕೋಣೆಗೆ ಬಂದರು. ಸೌಮ್ಯಾ, ನಿನಗೆ ಈಗ ಕ್ಯಾಸೆಟ್ಟಿನ ಕಾಟವಿಲ್ಲ. ಆದರೂ ಪ್ರಸಾರಕ್ಕೆ ಮೊದಲು ಕೊನೆಯವರೆಗೂ ನೋಡುವುದನ್ನು ಬಿಡಬೇಡ.

ಜನ ಕ್ಯಾಮೆರಾ ಮುಂದೆ ಮಾತಾಡುವ ರೀತಿಯೇ ಬೇರೆ ಎಂದು ನನಗೆ ಕಲಿಸಿದ್ದು ಬೇಲೂರು. ದೇವಸ್ಥಾನದ ಬೀದಿಯಲ್ಲಿ ನಿಂತು ಸೊಳ್ಳೆಗಳ ಬಗ್ಗೆ ಕೇಳಿದೆ. “ನಮ್ಮ ಬೇಲೂರು ಶಿಲ್ಪಕಲೆಯ ತವರೂರು” ಎಂದು ಶುರುವಾಯಿತು. ಕಸದ ಬಗ್ಗೆ ಕೇಳಿದೆ. “ಹೊಯ್ಸಳ ಅರಸರ ಕಾಲದಲ್ಲಿ” ಎಂದು ಶುರುವಾಯಿತು. ಪ್ರವಾಸಿ ಬಸ್ಸುಗಳು ಮನೆ ಬಾಗಿಲಿಗೇ ನಿಂತು ಒಳಗೆ ಹೋಗುವುದಕ್ಕೂ ಜಾಗವಿಲ್ಲವಲ್ಲ ಎಂದು ಕೇಳಿದರೆ, ಬಸ್ಸಿನ ಹಿಂದೆ ಸಿಕ್ಕಿಹಾಕಿಕೊಂಡಿದ್ದ ಮನೆಯವರೇ, “ಅತಿಥಿಗಳು ದೇವರ ಸಮಾನ” ಎಂದರು. ಸೊಳ್ಳೆ ಅವರ ಹಣೆಯ ಮೇಲೇ ಕೂತಿತ್ತು.

ಹಳೇಬೀಡಿನಲ್ಲಿ ಎಳನೀರು ಮಾರುವವರೊಬ್ಬರು ಹೀಗೇ ಊರಿನ ಹಿರಿಮೆ ಹೇಳಿ ಮುಗಿಸಿದರು. ಕ್ಯಾಮೆರಾ ಆರಿಸಿ ರುದ್ರಣ್ಣ ವೈರು ಸುತ್ತತೊಡಗಿದಾಗ ಅವರ ದನಿಯೇ ಬದಲಾಯಿತು. “ಅಲ್ಲ ಕಣವ್ವ, ಬಂದೋರೆಲ್ಲ ಆ ಕಲ್ಲಾನೆ ಫೋಟೋ ತಗೀತಾರೆ. ಅದಕ್ಕೆ ನೆರಳೂ ಐತೆ, ಕಾವಲೂ ಐತೆ. ನಮ್ಮ ಬೀದೀಲಿ ರಾತ್ರಿ ಒಂದು ದೀಪ ಇಲ್ಲ. ನಾವೂ ಕಲ್ಲಾಗಿ ಹುಟ್ಬೇಕಿತ್ತು” ಅಂದರು. ಇದನ್ನೇ ಕ್ಯಾಮೆರಾಕ್ಕೆ ಹೇಳ್ತೀರಾ ಎಂದು ಕೇಳಿದೆ. ಸ್ವಲ್ಪ ಯೋಚಿಸಿ, ಹೇಳಿದರು. ಆ ದಿನದಿಂದ ನನ್ನ ಕ್ರಮ ಬದಲಾಯಿತು. ಮೊದಲು ಸುಮ್ಮನೆ ಒಂದು ಸುತ್ತು ಕೇಳುವುದು, ವೈರು ಸುತ್ತುವ ಹಾಗೆ ಮಾಡುವುದು, ಆಗ ಬಂದ ಮಾತನ್ನು ಅವರ ಒಪ್ಪಿಗೆ ಕೇಳಿ ಮತ್ತೆ ಹೇಳಿಸುವುದು. ಕದ್ದು ತೆಗೆದದ್ದಿಲ್ಲ. ಕದ್ದು ತೆಗೆದರೆ ನಿಜ ಸಿಗುತ್ತದೆ ಎಂದು ವಾದಿಸುವವರಿದ್ದಾರೆ. ಒಂದು ಸಲ ಸಿಗುತ್ತದೆ. ಎರಡನೆಯ ಸಲ ಆ ಬೀದಿಯಲ್ಲಿ ಯಾರೂ ಬಾಯಿ ಬಿಡುವುದಿಲ್ಲ.

ಇಷ್ಟೆಲ್ಲ ತಿಳಿದುಕೊಂಡೆ ಎಂದು ಬೀಗುತ್ತಿದ್ದ ಕಾಲದಲ್ಲೇ ಗಾಣದ ಬೀದಿಯ ಪ್ರಕರಣ ಬಂದದ್ದು.

ಅರಸೀಕೆರೆಯಲ್ಲಿ ಸ್ಟೇಷನ್ನಿಗೆ ಹೋಗುವ ದಾರಿಗೆ ಹೊಂದಿಕೊಂಡಂತೆ ಗಾಣದ ಬೀದಿ ಇದೆ. ಬೀದಿಯ ನಡುವೆ ಒಂದು ನಲ್ಲಿಕಟ್ಟೆ. ನೀರು ದಿನ ಬಿಟ್ಟು ದಿನವೋ, ಎರಡು ದಿನ ಬಿಟ್ಟೋ ಬರುವುದು. ಬರುವ ಹೊತ್ತು ಗೊತ್ತಿಲ್ಲ. ಹೀಗಾಗಿ ಜನ ನಿಲ್ಲುವ ಬದಲು ಅವರ ವಸ್ತುಗಳು ನಿಲ್ಲುತ್ತಿದ್ದವು. ಒಂದು ಕೊಡ, ಒಂದು ಒಡೆದ ಬಕೆಟ್ಟು, ಅದರ ಹಿಂದೆ ಒಂದು ಕಲ್ಲು. ಕಲ್ಲು ಎಂದರೂ ಅದು ಇಂಥವರ ಮನೆಯದು ಎಂದು ಬೀದಿಗೆಲ್ಲ ಗೊತ್ತು. ಬೇರೆಯವರು ಅದನ್ನು ಕದಲಿಸುವಂತಿಲ್ಲ.

ನೀರಿನ ಉಸ್ತುವಾರಿಯ ಕಚೇರಿಗೆ ಆಗ ಹೊಸ ಸಾಹೇಬರು ಬಂದಿದ್ದರು. ಬೀದಿ ನಲ್ಲಿಗಳನ್ನು ತೆಗೆದು ಮನೆಮನೆಗೆ ನಲ್ಲಿ ಕೊಡಬೇಕೆಂಬುದು ಅವರ ಯೋಜನೆ. ಮೊದಲು ಗಾಣದ ಬೀದಿ. ಕೇಳಲು ಒಳ್ಳೆಯ ಯೋಜನೆಯೇ. ಆದರೆ ಬೀದಿಯ ಒಂದು ಮಗ್ಗುಲಿಗೆ ದೊಡ್ಡ ವಠಾರವಿತ್ತು, ಒಂದೇ ಬಾಗಿಲಿನ ಒಳಗೆ ಸಾಲಾಗಿ ಒಂದೊಂದು ಕೋಣೆಯ ಮನೆಗಳು. ನಲ್ಲಿ ಕೊಡುವುದು ಮನೆ ಮಾಲೀಕರ ಹೆಸರಿಗೆ. ವಠಾರದ ಮಾಲೀಕರು ಬೇರೆ ಊರಿನಲ್ಲಿದ್ದರು, ಬಾಡಿಗೆಯವರಿಗೆ ನಲ್ಲಿ ಹಾಕಿಸಿಕೊಡುವ ಯೋಚನೆ ಅವರಿಗೆ ಇರಲಿಲ್ಲ.

ಆ ವಠಾರದಲ್ಲಿ ಹೊನ್ನಮ್ಮ ಇದ್ದರು. ಬೆಳಿಗ್ಗೆ ಇಡ್ಲಿ ಬೇಯಿಸಿ ಸ್ಟೇಷನ್ ದಾರಿಯಲ್ಲಿ ಕೂತು, ರೈಲಿಗೆ ಹೋಗುವವರಿಗೆ, ರೈಲಿನಿಂದ ಇಳಿದವರಿಗೆ ಮಾರುವವರು. ನಲ್ಲಿ ಹೋದರೆ ಏನು ಮಾಡ್ತೀರಿ ಎಂದು ಕೇಳಿದೆ.

“ನಲ್ಲಿ ಇದ್ದೋರ ಮನೆ ಮುಂದೆ ಕೊಡ ಹಿಡ್ಕಂಡು ನಿಲ್ಬೇಕು.”

“ಕೊಡಲ್ವಾ ಅವರು? ನಿಮ್ಮ ಬೀದಿಯವರೇ ತಾನೆ?”

“ಕೊಡ್ತಾರೆ. ಅದೇ ಕಣವ್ವ ಕಷ್ಟ. ಈ ಕಟ್ಟೇಲಾದ್ರೆ ಜಗಳ ಆಡಿ ನೀರ್ ತತ್ತೀನಿ. ಇನ್ನೊಬ್ಬರ ಬಾಗ್ಲಲ್ಲಿ ನಿಂತ್ಕಂಡು ಜಗಳ ಆಡಕ್ಕಾಯ್ತದಾ? ಹಲ್ಲು ಕಿರೀಬೇಕು. ದಿನಾ ಬೆಳಗೆದ್ದು ಹಲ್ಲು ಕಿರಿಯೋಕೆ ನನಗೆ ಹಲ್ಲೂ ಇಲ್ಲ.”

ಇದಕ್ಕಿಂತ ಒಳ್ಳೆಯ ಮಾತು ನನಗೆ ಎಲ್ಲೂ ಸಿಕ್ಕಿರಲಿಲ್ಲ. ಬೀದಿಯ ಉಳಿದವರೂ ನಲ್ಲಿ ಇರಲಿ ಎಂದರು. ಸ್ವಂತ ಮನೆಯಿದ್ದವರೂ, ಮನೆಗೆ ನಲ್ಲಿ ಬರಲಿ, ಬೀದಿಯದೂ ಇರಲಿ, ವಠಾರದವರು ಎಲ್ಲಿಗೆ ಹೋಗ್ತಾರೆ ಎಂದರು. ಇಷ್ಟನ್ನೇ ಪ್ರಸಾರ ಮಾಡಿದ್ದರೆ ಮುಗಿಯುತ್ತಿತ್ತು. ಆದರೆ ರುದ್ರಣ್ಣನಿಗೆ ಸಮಾಧಾನವಿಲ್ಲ. “ಎಲ್ಲರೂ ಒಂದೇ ಹೇಳಿದ್ರೆ ಯಾರಮ್ಮ ನೋಡ್ತಾರೆ? ಗಂಡಿನ ಕಡೆ ಒಂದು, ಹೆಣ್ಣಿನ ಕಡೆ ಒಂದು ಇದ್ರೇನೇ ಮದುವೆ. ವಿರೋಧ ಮಾತಾಡೋಕೆ ಒಬ್ಬರನ್ನ ಹುಡುಕು.” ಚರ್ಚಾಸ್ಪರ್ಧೆಯವಳಿಗೆ ಈ ಮಾತು ಸರಿಯಾಗಿಯೇ ಕಂಡಿತು. ಬೀದಿಯಲ್ಲಿ ಯಾರೂ ಸಿಗಲಿಲ್ಲ. ಪ್ರಕಾಶನಿಗೆ ಹೇಳಿಕಳಿಸಿದೆ. ಅವನು ಆಗ ಜಾವಗಲ್‌ನಲ್ಲಿ ಮೇಷ್ಟರಾಗಿದ್ದ. ಸಂಜೆಯ ಬಸ್ಸಿಗೆ ಬಂದ.

“ವಿಷಯ ಏನು?”

“ಬೀದಿ ನಲ್ಲಿ ತೆಗೀಬೇಕು ಅನ್ನೋದು.”

“ನಾನು ಪರವೋ ವಿರೋಧವೋ?”

“ತೆಗೀಬೇಕು ಅನ್ನೋ ಕಡೆ.”

“ಸರಿ” ಅಂದ. ಅಷ್ಟೇ. ನಲ್ಲಿ ಯಾವ ಬೀದಿಯದು ಎಂದೂ ಅವನು ಕೇಳಲಿಲ್ಲ.

ನಲ್ಲಿಕಟ್ಟೆಯ ಮುಂದೆಯೇ ಚರ್ಚೆ ನಡೆಯಿತು. ಮೊದಲು ಬೀದಿಯ ಹಿರಿಯರೊಬ್ಬರು ನಲ್ಲಿ ಬೇಕು ಎಂದು ತಡವರಿಸುತ್ತ ನಾಲ್ಕು ಮಾತಾಡಿ ಬೆವರು ಒರೆಸಿಕೊಂಡು ಕೂತರು. ಆಮೇಲೆ ಪ್ರಕಾಶ ಎದ್ದ. “ತಾಯಂದಿರೇ, ಇದೇ ಕಟ್ಟೆಯ ಮುಂದೆ ನಿಮ್ಮ ಅತ್ತೆ ನಿಂತರು. ಅತ್ತೆಯ ಕೊಡ ನಿಮ್ಮ ಸೊಂಟಕ್ಕೆ ಬಂತು. ನಾಳೆ ನಿಮ್ಮ ಸೊಂಟದಿಂದ ಅದು ಯಾರ ಸೊಂಟಕ್ಕೆ ಹೋಗಬೇಕು? ಓದುವ ಮಗಳ ಸೊಂಟಕ್ಕೆ ಅಲ್ಲವೆ? ಪುಸ್ತಕ ಹಿಡಿಯುವ ಹೊತ್ತಿಗೆ ಅವಳ ಕೈಗೆ ಕೊಡ ಕೊಟ್ಟು, ಆಮೇಲೆ ಯಾಕಮ್ಮ ಫೇಲಾದೆ ಎಂದು ಕೇಳುವವರು ನಾವು” ಎಂದ. ದನಿ ಏರಿಸಿದ, ಇಳಿಸಿದ. ಒಂದು ಕ್ಷಣ ಸುಮ್ಮನೆ ನಿಂತು ನಲ್ಲಿಯ ಕಡೆ ನೋಡಿದ. ಇಡೀ ಬೀದಿ ಚಪ್ಪಾಳೆ ತಟ್ಟಿತು. ಎಲ್ಲರಿಗಿಂತ ಜೋರಾಗಿ ತಟ್ಟಿದವರು ಹೊನ್ನಮ್ಮ. ರುದ್ರಣ್ಣ ಮದುವೆಯಲ್ಲಿ ತಾಳಿ ಕಟ್ಟುವ ಹೊತ್ತಿಗೆ ಮಾಡುವ ಹಾಗೆ ಕ್ಯಾಮೆರಾವನ್ನು ಮುಖದಿಂದ ಮುಖಕ್ಕೆ ನಿಧಾನವಾಗಿ ತಿರುಗಿಸಿದರು.

ಒಂದು ಮಾತು ಹೇಳಿಬಿಡುತ್ತೇನೆ. ಪ್ರಕಾಶನ ಆ ವಾದವನ್ನು ನಾನು ಇವತ್ತಿಗೂ ಪೂರ್ತಿ ಸೋಲಿಸಿಲ್ಲ. ಮಗಳ ಕೈಗೆ ಕೊಡ ಹೋಗಬಾರದು ಎಂಬುದು ನಿಜ. ಆದರೆ ನಲ್ಲಿ ಕಿತ್ತರೆ ವಠಾರದ ಮಗಳ ಕೈಯಿಂದ ಕೊಡ ಹೋಗುವುದಿಲ್ಲ, ಕೊಡ ಹಿಡಿದು ಇನ್ನೂ ದೂರ ನಡೆಯುತ್ತಾಳೆ ಅಷ್ಟೆ. ಇದು ನನಗೆ ಆಗ ಅಲ್ಲೇ ಹೊಳೆಯಲಿಲ್ಲ. ಒಳ್ಳೆಯ ಉತ್ತರಗಳು ಯಾವಾಗಲೂ ಮೈಕು ಒಳಗಿಟ್ಟ ಮೇಲೆಯೇ ಹೊಳೆಯುವುದು.

ಅರ್ಧ ಗಂಟೆಗೆ ಚರ್ಚೆಯೇ ಸಾಕಾಗಿ, ಬೀದಿಯವರು ಮೊದಲು ಹೇಳಿದ್ದಕ್ಕೆ ಜಾಗ ಸಿಗದೆ ಕಾರ್ಯಕ್ರಮ ಪ್ರಸಾರವಾಯಿತು. ಎರಡು ದಿನ ಬಿಟ್ಟು ಹೊನ್ನಮ್ಮ ನಮ್ಮ ಕೋಣೆಯ ಮೆಟ್ಟಿಲು ಹತ್ತಿ ಬಂದರು. ಹಿಂದೆ ವಠಾರದ ಇನ್ನೂ ಕೆಲವರು.

“ಏನವ್ವ, ನಿನ್ ಟೀವಿ ನಮ್ ನಲ್ಲಿ ಕಿತ್ತಾಕ್ತೈತಂತಲ್ಲ.”

ನಡೆದದ್ದು ಇಷ್ಟು. ಇವರೆಲ್ಲ ಕಚೇರಿಗೆ ಹೋಗಿ ನಲ್ಲಿ ತೆಗೀಬೇಡಿ ಎಂದಿದ್ದಾರೆ. ಸಾಹೇಬರು ಗೌರವದಿಂದಲೇ ಕೂರಿಸಿ, “ನೋಡಮ್ಮ, ನನ್ನ ಮುಂದೆ ಬಂದು ಹೀಗೆ ಹೇಳ್ತೀರಿ. ತೆಗೀಬೇಕು ಅಂದಾಗ ಚಪ್ಪಾಳೆ ತಟ್ಟಿದ್ದೂ ನೀವೇ ಅಲ್ವಾ? ಟೀವಿಯಲ್ಲಿ ಕಣ್ಣಾರೆ ನೋಡಿದೀನಿ. ಬೇಕು ಅಂದವರಿಗೆ ಯಾರೂ ತಟ್ಟಲಿಲ್ಲ. ಮುಂದಿನ ವಾರ ಕೆಲಸ ಶುರು” ಎಂದಿದ್ದಾರೆ.

ನಾನು ಹೊನ್ನಮ್ಮನನ್ನು ಕೇಳಿದೆ. “ಅಲ್ಲಮ್ಮ, ನಲ್ಲಿ ಬೇಕು ಅನ್ನೋರು ನೀವು. ಅವನಿಗೆ ಯಾಕೆ ಚಪ್ಪಾಳೆ ತಟ್ಟಿದ್ರಿ?”

ಅವರು ನನ್ನನ್ನು ದಡ್ಡಿಯನ್ನು ನೋಡುವಂತೆ ನೋಡಿದರು. “ಆ ಹುಡ್ಗ ಚೆನ್ನಾಗಿ ಮಾತಾಡ್ದ, ತಟ್ದೆ. ಹಾಡು ಚೆನ್ನಾಗಿದ್ರೂ ತಟ್ತೀವಿ. ತಟ್ದೋರೆಲ್ಲ ಹಾಡ್ದೋನಿಗೆ ಹೆಣ್ಣು ಕೊಡ್ತಾರಾ?”

ಜೊತೆಗಿದ್ದ ಇನ್ನೊಬ್ಬರು, “ಪಾಪ, ಜಾವಗಲ್ಲಿಂದ ಬಸ್ಸತ್ಕಂಡು ಬಂದವ್ನೆ. ತಟ್ದೆ ಇದ್ರೆ ಬೇಜಾರ್ ಮಾಡ್ಕಳಲ್ವಾ?” ಅಂದರು.

ನಮ್ಮ ಕಡೆಯ ರೂಢಿಯೇ ಹಾಗೆ. ಮನೆಗೆ ಬಂದವರಿಗೆ ಕಾಫಿ, ಮಾತಾಡಲು ಬಂದವರಿಗೆ ಚಪ್ಪಾಳೆ. ಚರ್ಚಾಸ್ಪರ್ಧೆಯಲ್ಲಿ ಬೆಳೆದ ನನಗೆ ಚಪ್ಪಾಳೆ ಎಂದರೆ ಗೆಲುವು. ಕಚೇರಿಯಲ್ಲಿ ಬೆಳೆದ ಸಾಹೇಬರಿಗೆ ಅದು ಒಪ್ಪಿಗೆ. ತಟ್ಟಿದವರಿಗೆ ಅದು ಬರೀ ಮರ್ಯಾದೆ.

ರುದ್ರಣ್ಣ ಪೆಚ್ಚಾಗಿ ಕೂತಿದ್ದರು. “ಹೊನ್ನಮ್ಮನ ಕೈಲಿ ಈ ಮಾತೇ ಹೇಳಿಸಿ ಹಾಕೋಣ” ಅಂದರು. ನನಗೆ ಅದು ಹಿಡಿಸಲಿಲ್ಲ. ನಾವು ಹೇಳಿಕೊಟ್ಟು ಹೇಳಿಸಿದ್ದೇವೆ ಎಂದರೆ ಮುಗಿಯಿತು. ಸಾಹೇಬರ ವಾದ ನಿಂತಿರುವುದು ಒಂದೇ ಆಧಾರದ ಮೇಲೆ, ಗಾಣದ ಬೀದಿಯವರು ತಮಗೆ ಬೇಕಾದದ್ದಕ್ಕೆ ಮಾತ್ರ ಚಪ್ಪಾಳೆ ತಟ್ಟುತ್ತಾರೆ ಎಂಬುದು. ಆ ಆಧಾರವನ್ನೇ ಎಳೆದರೆ ಸಾಕು. ಮತ್ತೆ ಪ್ರಕಾಶನಿಗೆ ಹೇಳಿಕಳಿಸಿದೆ. ನಡೆದದ್ದನ್ನೆಲ್ಲ ಕೇಳಿ ಅವನು, “ಈ ಸಲ ಯಾವ ಕಡೆ?” ಎಂದ.

“ಮೊದಲು ನಲ್ಲಿ ಬೇಕು ಅನ್ನು. ಆಮೇಲೆ ಇನ್ನೊಂದು ವಿಷಯ ಕೊಡ್ತೀನಿ. ಅಲ್ಲೇ, ಆ ಕ್ಷಣಕ್ಕೆ.”

ಅದೇ ಕಟ್ಟೆ, ಅದೇ ಜನ. ಯಾರಿಗೂ ನಾವು ಏನನ್ನೂ ಹೇಳಿಕೊಡಲಿಲ್ಲ. ಪ್ರಕಾಶ ನಲ್ಲಿಯ ಪರ ಮಾತಾಡಿದ. ಅದೇ ಏರಿಳಿತ, ಅದೇ ನಿಲುಗಡೆ. ಚಪ್ಪಾಳೆಯೂ ಅಷ್ಟೇ ಬಿತ್ತು. ಆಗ ನಾನು ಮೈಕು ತೆಗೆದುಕೊಂಡು, ಅರಸೀಕೆರೆಯ ರೈಲ್ವೆ ಸ್ಟೇಷನ್ನನ್ನು ಕಿತ್ತು ಬೇಲೂರಿಗೆ ಒಯ್ಯಬೇಕು, ಇದರ ಪರವಾಗಿ ಮಾತಾಡಿ ಎಂದೆ.

ಪ್ರಕಾಶ ಒಮ್ಮೆ ಕೆಮ್ಮಿದ. “ಬಂಧುಗಳೇ, ನಮಗೆ ದಿನಕ್ಕೆ ಎಷ್ಟು ರೈಲು? ಕೂಗಿಗೆ ನಿದ್ದೆ ಇಲ್ಲ. ಬೇಲೂರಿನ ಚೆನ್ನಿಗರಾಯನಿಗೆ ಒಂದಾದರೂ ರೈಲು ಉಂಟೆ? ಅವನನ್ನು ನೋಡಲು ದೇಶದೇಶದ ಜನ ನಮ್ಮ ಊರಲ್ಲಿ ಇಳಿದು, ಬಸ್ಸು ಹುಡುಕಿ, ಧೂಳು ಕುಡಿದು ಹೋಗಬೇಕು. ಇದ್ದವರು ಇಲ್ಲದವರಿಗೆ ಕೊಡುವುದು ನಮ್ಮ ಧರ್ಮ. ಕೊಟ್ಟುಬಿಡೋಣ. ಹಳಿಯನ್ನೂ ಕೊಡೋಣ, ಪ್ಲಾಟ್‌ಫಾರಂ ಗಡಿಯಾರವನ್ನೂ ಕೊಡೋಣ. ಹಳೇಬೀಡಿನವರು ಬೇಜಾರು ಮಾಡಿಕೊಂಡರೆ ಸಿಗ್ನಲ್ ಕಂಬ ಅವರಿಗಿರಲಿ.” ಬೀದಿ ನಕ್ಕಿತು, ಸಿಳ್ಳೆ ಹಾಕಿತು. ಪ್ರಕಾಶನ ಮೂರು ಭಾಷಣಗಳಲ್ಲಿ ಅತಿ ದೊಡ್ಡ ಚಪ್ಪಾಳೆ ಬಿದ್ದದ್ದು ಇದಕ್ಕೆ. ಹೊನ್ನಮ್ಮ ಎದ್ದು ನಿಂತು ತಟ್ಟಿದರು.

ಅದನ್ನು ಪ್ರಸಾರ ಮಾಡುವ ಮೊದಲು ಸಾಹೇಬರನ್ನು ಕರೆದೆವು. ಅವರು ಬಂದು ನಮ್ಮ ಕೋಣೆಯ ಸ್ಟೂಲಿನ ಮೇಲೆ ಕೂತು ನೋಡಿದರು. ನಲ್ಲಿಯ ಪರ ಚಪ್ಪಾಳೆ ಬಿದ್ದಾಗ, “ಈಗ ಹೇಳಿಸಿರ್ತೀರಿ” ಎಂದರು. ಸ್ಟೇಷನ್ನಿನ ಭಾಷಣಕ್ಕೆ ಅವರೂ ನಕ್ಕರು. ತೆರೆಯ ಮೇಲೆ ಹೊನ್ನಮ್ಮ ಎದ್ದು ನಿಂತಾಗ ರುದ್ರಣ್ಣ ಅಲ್ಲಿಗೇ ನಿಲ್ಲಿಸಿದರು.

“ಸರ್, ಈಯಮ್ಮ ಇಡ್ಲಿ ಮಾರೋದು ಸ್ಟೇಷನ್ ದಾರೀಲಿ” ಎಂದೆ. “ರೈಲಿನವರು ತಿಂದರೇನೇ ಇವರ ಮನೇಲಿ ಒಲೆ ಹತ್ತೋದು. ಸ್ಟೇಷನ್ ಕೊಟ್ಟುಬಿಡಿ ಅಂತ ಎದ್ದು ನಿಂತು ತಟ್ತಿದಾರೆ. ಈ ಚಪ್ಪಾಳೆ ನೋಡಿ ಸ್ಟೇಷನ್ ಬೇಲೂರಿಗೆ ಕಳಿಸ್ತೀರಾ?”

ಸಾಹೇಬರು ಹಟದ ಮನುಷ್ಯರಲ್ಲ. ಸ್ಟೂಲನ್ನು ನನ್ನ ಕಡೆ ತಿರುಗಿಸಿಕೊಂಡು, “ಹಾಗಾದ್ರೆ ಇವರಿಗೆ ಏನು ಬೇಕು ಅಂತ ತಿಳ್ಕೊಳ್ಳೋದು ಹೇಗಮ್ಮ?” ಎಂದರು. ಅದು ನನ್ನ ಇಡೀ ವೃತ್ತಿಯಲ್ಲಿ ಯಾರೂ ನನಗೆ ಕೇಳದಿದ್ದ ಪ್ರಶ್ನೆ. “ನೀರು ಬಿಡೋರು ನೀವೇ ಅಲ್ವಾ ಸರ್. ಬಿಡೋ ದಿನ ಬೆಳಿಗ್ಗೆ ಬನ್ನಿ. ಮೈಕು ಬೇಡ, ಕ್ಯಾಮೆರಾನೂ ಬೇಡ” ಎಂದೆ.

ಬಂದರು. ನಲ್ಲಿ ಗೊರಗೊರ ಅನ್ನುತ್ತಿತ್ತು. ಕೊಡಗಳ ಸಾಲು ವಠಾರದ ಬಾಗಿಲು ದಾಟಿ ಒಳಗೆ ಹೋಗಿತ್ತು. ಅವರು ಆ ಸಾಲಿನ ಜೊತೆಗೇ ನಡೆದು ವಠಾರದೊಳಗೆ ಹೋದರು, ಒಂದೊಂದು ಬಾಗಿಲಲ್ಲೂ ಇಣುಕಿ, ಎಲ್ಲಿಯೂ ನಲ್ಲಿ ಕೂರಿಸುವ ಜಾಗವಿಲ್ಲದ್ದನ್ನು ನೋಡಿದರು. ಹೊರಗೆ ಬರುವಾಗ ಕಾಲಿಗೆ ಒಂದು ಕಲ್ಲು ತಗುಲಿ ಪಕ್ಕಕ್ಕೆ ಸರಿಯಿತು. ತಕ್ಷಣ ಹೊನ್ನಮ್ಮ, “ಸ್ವಾಮಿ, ಆ ಕಲ್ಲು ಇದ್ದಲ್ಲೇ ಇಡಿ. ಅದು ನಂದು” ಎಂದರು. ಸಾಹೇಬರು ಬಗ್ಗಿ ಕಲ್ಲನ್ನು ಎತ್ತಿ ಇದ್ದ ಜಾಗಕ್ಕೇ ಇಟ್ಟರು. ಆಮೇಲೆ ಎಲ್ಲರಿಗೂ ಕೇಳುವಂತೆ, ವಠಾರದ ಮನೆಗಳಿಗೆ ನೀರಿನ ಏರ್ಪಾಡು ಆಗುವವರೆಗೆ ಈ ನಲ್ಲಿ ಇಲ್ಲೇ ಇರುತ್ತದೆ ಎಂದು ಹೇಳಿದರು.

ಹೇಳಿ ಒಂದು ಗಳಿಗೆ ನಿಂತರು. ಅಭ್ಯಾಸಬಲದಿಂದ ನಾನೂ ಕಾದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಎಲ್ಲರ ಕೈಯಲ್ಲೂ ಕೊಡವಿತ್ತು.